ಪಂಪ್ ರೂಮಿನ ಕೀಲಿಕೈ ಯಾರ ಹತ್ರ ಇದೆ?

ಮೊನ್ನೆ ಸೋಮವಾರ ಬೆಳಿಗ್ಗೆ ನಮ್ಮ ಜಿನ್ನಿಂಗ್ ಫ್ಯಾಕ್ಟರಿಯ, ಅಂದರೆ ಹತ್ತಿಯಿಂದ ಬೀಜ ಬೇರೆ ಮಾಡೋ ಕಾರ್ಖಾನೆಯ, ಪಂಪ್ ರೂಮಿನ ಮುಂದೆ ಹೊಸ ಹುಡುಗನೊಬ್ಬ ನಿಂತಿದ್ದ. ಕೆಲಸಕ್ಕೆ ಸೇರಿ ಇನ್ನೂ ಹದಿನೈದು ದಿನ ಆಗಿಲ್ಲ. ಆವತ್ತು ಪಂಪು ಚಾಲೂ ಮಾಡೋ ಸರದಿ ಅವನದು. "ಸರ, ಬೆಂಕಿ ಇಲ್ಲ ಏನಿಲ್ಲ, ವಾರಾ ವಾರಾ ಯಾಕ್ರಿ ಇದನ್ನ ಓಡಸೋದು? ಡೀಸೆಲ್ ಸುಮ್ನೆ ದಂಡ ಅಲ್ಲೇನ್ರಿ?" ಅಂತ ಕೇಳಿದ. ಪ್ರಶ್ನೆ ತಪ್ಪಲ್ಲ. "ಮೊದಲು ಓಡಿಸು, ಆಮೇಲೆ ಹೇಳ್ತೀನಿ" ಅಂದೆ. ಆಮೇಲೆ ಹತ್ತಿ ಗಾಡಿಗಳು ಬಂದವು. ತೂಕ, ಬಿಲ್ಲು, ಪಸೆ ಜಾಸ್ತಿ ಇದೆ ಅನ್ನೋ ವಾದ, ಇದರಲ್ಲೇ ಸಂಜೆ ಆಯಿತು. ಅವನಿಗೆ ಹೇಳಬೇಕಾಗಿದ್ದು ನನ್ನಲ್ಲೇ ಉಳಿಯಿತು. ಅದನ್ನು ಇಲ್ಲಿ ಬರೆಯುತ್ತಿದ್ದೇನೆ. ಅವನೊಬ್ಬನಿಗೇ ಅಲ್ಲ, ಅಂಗಡಿ, ಮಿಲ್ಲು, ಶಾಲೆ, ಸೊಸೈಟಿ, ಊರು ಅಂತ ಯಾವುದನ್ನಾದರೂ ನೋಡಿಕೊಳ್ಳುವ ಎಲ್ಲರಿಗೂ ಹೇಳಬೇಕು ಅಂತ ಬಹಳ ದಿನದಿಂದ ಮನಸ್ಸಿನಲ್ಲಿ ಇತ್ತು.

ಹನ್ನೊಂದು ನಿಮಿಷ

ಕೆಲವು ವರ್ಷಗಳ ಹಿಂದಿನ ಜನವರಿ. ಸೀಸನ್ ಜೋರಾಗಿತ್ತು. ಬಯಲಲ್ಲಿ ಹತ್ತಿ ರಾಶಿ ಮನೆಯೆತ್ತರ ಬಿದ್ದಿತ್ತು. ರೈತರು ತರೋ ಹತ್ತಿಯಲ್ಲಿ ಎಲೆ, ಕಡ್ಡಿ, ಮಣ್ಣಿನ ಜೊತೆ ಒಮ್ಮೊಮ್ಮೆ ಕಲ್ಲಿನ ಚೂರು, ಮೊಳೆ, ತಂತಿ ತುಂಡು ಕೂಡ ಬರುತ್ತದೆ. ಹೆಣ್ಣಾಳುಗಳು ಕೂತು ಆರಿಸುತ್ತಾರೆ. ಆದರೂ ಕಣ್ಣು ತಪ್ಪಿ ಒಂದು ಚೂರು ಒಳಗೆ ಹೋಗಿ ಜಿನ್ನಿಗೆ ಬಡಿದರೆ ಕಿಡಿ ಹಾರುತ್ತದೆ. ಅವತ್ತು ಆಗಿದ್ದು ಅದೇ ಅಂತ ಆಮೇಲೆ ಅಂದಾಜು ಮಾಡಿದೆವು. ಬೆಳಿಗ್ಗೆ ಹನ್ನೊಂದೂವರೆ ಹೊತ್ತು. ಮೊದಲು ಬಂದಿದ್ದು ವಾಸನೆ, ಹಳೇ ಬಟ್ಟೆ ಸುಟ್ಟಂಥದ್ದು. ಹತ್ತಿಯ ಬೆಂಕಿ ನೋಡಿದವರಿಗೆ ಗೊತ್ತು, ಅದು ಕಟ್ಟಿಗೆಯ ಬೆಂಕಿಯ ಹಾಗೆ ಒಂದು ಕಡೆ ನಿಂತು ಉರಿಯೋದಿಲ್ಲ. ಅರಳೆಯ ಮೇಲೆ ನೀರು ಹರಿದ ಹಾಗೆ ಓಡುತ್ತದೆ. ಜಂತಿಗಳ ಮೇಲೆ, ಲೈಟಿನ ಪಟ್ಟಿಗಳ ಮೇಲೆ ತಿಂಗಳಾನುಗಟ್ಟಲೆ ಕೂತ ಹತ್ತಿಯ ಧೂಳು ಇರುತ್ತದಲ್ಲ, ಅದರ ದಾರಿ ಹಿಡಿದು ಶೆಡ್ಡಿನ ಈ ತುದಿಯಿಂದ ಆ ತುದಿಗೆ ಹೋಗೋಕೆ ಅದಕ್ಕೆ ಹೆಚ್ಚು ಹೊತ್ತು ಬೇಕಾಗಲಿಲ್ಲ.

ಗೋಡೆಗೆ ಕೆಂಪು ಸಿಲಿಂಡರ್‌ಗಳು ಇದ್ದವು. ಹುಡುಗರು ಕೈಗೆ ಸಿಕ್ಕಿದ್ದನ್ನು ತಂದು ಒತ್ತಿದರು. ಒಬ್ಬನ ಕೈಗೆ ಸಿಕ್ಕಿದ್ದು ಕರೆಂಟ್ ಪ್ಯಾನಲ್ ಪಕ್ಕದ ಕಾರ್ಬನ್ ಡೈ ಆಕ್ಸೈಡ್ ಸಿಲಿಂಡರ್. ಅದನ್ನು ಹತ್ತಿಗೆ ಹೊಡೆದರೆ ಮೇಲಿನ ಜ್ವಾಲೆ ಅಡಗುತ್ತದೆ, ಒಳಗಿನ ಕೆಂಡ ಹಾಗೇ ಇರುತ್ತದೆ. ಅವನು "ಆರಿತು" ಅಂತ ಕೂಗಿ ತಿರುಗೋದರೊಳಗೆ ಮತ್ತೆ ಎದ್ದಿತು. ಹತ್ತಿಗೆ ಬೇಕಾದದ್ದು ನೀರು. ನೀರು ಇತ್ತು. ದೊಡ್ಡ ಟಾಕಿ ತುಂಬ ಇತ್ತು. ಡೀಸೆಲ್ ಪಂಪೂ ಇತ್ತು, ಶೆಡ್ಡಿನ ಸುತ್ತ ಪೈಪೂ ಇತ್ತು. ಪಂಪ್ ರೂಮಿಗೆ ಕೀಲಿ ಹಾಕಿತ್ತು. ಕೀಲಿಕೈ ನಮ್ಮ ಪಂಪ್ ಆಪರೇಟರ್ ಕಾಕಾನ ಅಂಗಿ ಜೇಬಿನಲ್ಲಿ ಇತ್ತು. ಕಾಕಾ ಕೊಪ್ಪಳದಲ್ಲಿ ಗವಿಮಠದ ಜಾತ್ರೆಯಲ್ಲಿ ಇದ್ದ.

ಅವನದು ತಪ್ಪಲ್ಲ. ವರ್ಷಕ್ಕೆ ಒಂದೇ ಸಲ ರಜೆ ಕೇಳೋ ಮನುಷ್ಯ. ಹಿಂದೊಮ್ಮೆ ಯಾರೋ ಪಂಪಿನ ಡೀಸೆಲ್ ಕದ್ದಿದ್ದರು ಅಂತ ಕೀಲಿಕೈ ಬೇರೆ ಯಾರಿಗೂ ಕೊಡಬೇಡ ಅಂತ ಹೇಳಿದ್ದು ನಾವೇ. ಫೋನ್ ಮಾಡಿದೆವು. ಜಾತ್ರೆಯ ಗದ್ದಲದಲ್ಲಿ ಅವನಿಗೆ ಕೇಳಿಸಲಿಲ್ಲ. ಹಮಾಲರು ಹಾರೆ ತಂದು ಕೀಲಿ ಮುರಿದರು. ಪಂಪು ಶುರುವಾಯಿತು. ಪೈಪಿನ ಬಾಯಲ್ಲಿ ನೀರು ಬರಲಿಲ್ಲ. ಮೇನ್ ವಾಲ್ವ್ ಬಂದ್ ಆಗಿದೆ ಅಂತ ಹೊಳೆಯೋದಕ್ಕೇ ಹೊತ್ತು ಹಿಡಿಯಿತು. ಆ ವಾಲ್ವ್ ಎಲ್ಲಿದೆ ಅಂತ ಅಲ್ಲಿದ್ದವರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಕೊನೆಗೆ ಅದು ಸಿಕ್ಕಿದ್ದು ಹಳೇ ಗೋಣಿಚೀಲಗಳ ರಾಶಿಯ ಕೆಳಗೆ. ನೀರು ಬರೋವರೆಗೆ ಹಮಾಲರು ಗೋಣಿತಟ್ಟು ತೋಯಿಸಿ ಬಡಿಯುತ್ತಲೇ ಇದ್ದರು. ಅವರಲ್ಲಿ ಇಬ್ಬರ ಕೈ ಬೊಬ್ಬೆ ಎದ್ದಿತ್ತು. ಮೊದಲ ಕೂಗಿನಿಂದ ಮೊದಲ ನೀರಿನವರೆಗೆ ಹನ್ನೊಂದು ನಿಮಿಷ. ಆಫೀಸಿನ ಕ್ಯಾಮೆರಾದಲ್ಲಿ ಆಮೇಲೆ ನೋಡಿ ಲೆಕ್ಕ ಹಾಕಿದ್ದು. ಆ ಹನ್ನೊಂದು ನಿಮಿಷವನ್ನು ನಾನು ಎಷ್ಟು ಸಲ ನೋಡಿದ್ದೇನೋ.

ಬುತ್ತಿ ಗಂಟು

ಇದಕ್ಕಿಂತ ದೊಡ್ಡ ಭಯ ಅದರ ನಂತರ ಬಂತು. ಅಗ್ನಿಶಾಮಕ ದಳದ ಗಾಡಿ ಗೇಟಿನೊಳಗೆ ಬಂದು ನಿಂತಿತು. ಇಳಿದ ಅಧಿಕಾರಿ ಬೆಂಕಿ ಎಲ್ಲಿ ಅಂತ ಕೇಳಲಿಲ್ಲ. "ಒಳಗ ಯಾರಾದ್ರೂ ಅದಾರೇನು?" ಅಂತ ಕೇಳಿದರು. ನಾನು ಬಾಯಿ ತೆರೆದೆ, ಮಾತು ಬರಲಿಲ್ಲ. ಹಾಜರಿ ಪುಸ್ತಕದಲ್ಲಿ ಮೂವತ್ತೊಂದು ಹೆಸರು ಇತ್ತು. ಆದರೆ ಆರಿಸೋ ಕೆಲಸಕ್ಕೆ ಬರೋ ಹೆಣ್ಣುಮಕ್ಕಳ ಲೆಕ್ಕ ಪುಸ್ತಕದಲ್ಲಿ ಇರೋದೇ ಒಂದು, ಇವತ್ತು ಬಂದವರೇ ಬೇರೆ. ಒಬ್ಬಳಿಗೆ ಹುಷಾರಿಲ್ಲ ಅಂದರೆ ಅವಳ ನಾದಿನಿ ಬಂದಿರುತ್ತಾಳೆ. ಹೊಲದಲ್ಲಿ ಕೆಲಸ ಇದ್ದರೆ ನಾಲ್ಕು ಜನ ಬಂದೇ ಇರೋದಿಲ್ಲ.

ಅವರ ಗುಂಪಿನ ಮೇಸ್ತ್ರಿ ಅಕ್ಕ ನನ್ನ ಮುಖ ನೋಡಿದಳು. ಓದು ಬರಹ ಬಾರದ ಹೆಣ್ಣುಮಗಳು. "ಯಣ್ಣಾ, ಬುತ್ತಿ ಗಂಟು ಎಣಸ್ರಿ" ಅಂದಳು. ಗೇಟಿನ ಪಕ್ಕದ ಬೇವಿನ ಮರಕ್ಕೆ ಅವರ ಬುತ್ತಿಗಳು ತೂಗುತ್ತಿದ್ದವು. ಇರುವೆ ಹತ್ತಬಾರದು ಅಂತ ದಿನಾ ಅಲ್ಲೇ ಕಟ್ಟುತ್ತಾರೆ. ಸೀರೆ ತುಂಡು, ಟವೆಲ್ಲು, ಒಂದು ಹಳದಿ ಪ್ಲಾಸ್ಟಿಕ್ ಚೀಲ. ಊಟದ ಹೊತ್ತು ಇನ್ನೂ ಆಗಿರಲಿಲ್ಲ, ಯಾರೂ ಬಿಚ್ಚಿರಲಿಲ್ಲ. ಒಬ್ಬರಿಗೆ ಒಂದು ಗಂಟು. ಅವಳೇ ಕೈಯಿಂದ ಮುಟ್ಟಿ ಮುಟ್ಟಿ ಎಣಿಸಿದಳು. ಇಪ್ಪತ್ತೇಳು. ಹೊರಗೆ ನಿಂತ ಹೆಣ್ಣುಮಕ್ಕಳನ್ನು ಎಣಿಸಿದಳು. ಇಪ್ಪತ್ತಾರು.

ಆ ಕ್ಷಣ ನನ್ನ ಹೊಟ್ಟೆಯಲ್ಲಿ ಏನಾಯಿತು ಅಂತ ಬರೆಯೋಕೆ ಆಗೋದಿಲ್ಲ. ಅಕ್ಕ ಮರದ ಕಡೆ ಇನ್ನೊಂದು ಸಲ ನೋಡಿ, ಒಂದು ಹಸಿರು ಗಂಟು ಹಿಡಿದು "ಇದು ಸಣ್ಣ ಕೂಸಿನಾಕಿದು" ಅಂದಳು. ಕೂಸಿಗೆ ಹಾಲು ಕುಡಿಸೋಕೆ ಆ ಹುಡುಗಿ ಗಾಡಿ ತೂಗೋ ವೇಬ್ರಿಜ್ ಹಿಂದಿನ ನೆರಳಿಗೆ ಹೋಗಿ ಕೂತಿದ್ದಳು. ಅಲ್ಲಿ ಗದ್ದಲ ಕೇಳಿಸಿರಲಿಲ್ಲ, ಹೊಗೆ ಆಚೆ ಕಡೆ ಹೋಗುತ್ತಿತ್ತು. ಕೂಸನ್ನು ಎದೆಗೆ ಒತ್ತಿಕೊಂಡು ಅವಳು ನಡೆದು ಬರೋದು ನೋಡಿ ಮೇಸ್ತ್ರಿ ಅಕ್ಕ ಬೈದಳು, ಬೈಯುತ್ತಲೇ ಅತ್ತಳು.

ಅವತ್ತು ಯಾರ ಜೀವಕ್ಕೂ ಏನೂ ಆಗಲಿಲ್ಲ. ಹತ್ತಿ ಹೋಯಿತು, ಮೂರು ಮಷೀನು ಹೋದವು. ಪ್ರೆಸ್ ಮಾಡಿ ಕಟ್ಟಿದ ಹತ್ತಿ ಮೂಟೆಗಳು, ಅಂದರೆ ಬೇಲ್‌ಗಳು, ಮರುದಿನವೂ ಒಳಗೊಳಗೇ ಹೊಗೆಯಾಡುತ್ತಿದ್ದವು. 170 ಕೆಜಿಯ ಬೇಲ್ ಅಷ್ಟು ಬಿಗಿಯಾಗಿ ಇರುತ್ತದೆ ಅಂದರೆ ಮೇಲಿಂದ ಎಷ್ಟು ನೀರು ಹೊಯ್ದರೂ ನಡುವಿನ ಕೆಂಡಕ್ಕೆ ಮುಟ್ಟೋದಿಲ್ಲ. ಒಂದೊಂದನ್ನೇ ಬಯಲಿಗೆ ಎಳೆದು, ಪಟ್ಟಿ ಕತ್ತರಿಸಿ, ಬಿಚ್ಚಿ ಆರಿಸಬೇಕು. ಅದನ್ನೂ ಅವತ್ತೇ ಕಲಿತಿದ್ದು.

ಆಗ ಜಾರಿಯಲ್ಲಿ ಇದ್ದದ್ದು ಕಾರ್ಖಾನೆ ಕಾಯ್ದೆ, 1948ರದ್ದು. ಅದರ 38ನೇ ಕಲಮಿನಲ್ಲಿ ಸ್ಪಷ್ಟವಾಗಿ ಇತ್ತು. ಬೆಂಕಿ ಬಿದ್ದಾಗ ತಪ್ಪಿಸಿಕೊಳ್ಳುವ ದಾರಿ ಎಲ್ಲಾ ಕೆಲಸಗಾರರಿಗೂ ಗೊತ್ತಿರಬೇಕು, ಏನು ಮಾಡಬೇಕು ಅಂತ ತರಬೇತಿ ಕೊಟ್ಟಿರಬೇಕು ಅಂತ. ನಮ್ಮ ಫೈಲಿನಲ್ಲಿ ತರಬೇತಿ ಕೊಟ್ಟ ಕಾಗದ ಇತ್ತು. ಸಹಿಗಳಿದ್ದವು. ಆ ಸಹಿಗಳಲ್ಲಿ ನನ್ನದೂ ಒಂದು. ಅದನ್ನು ನೆನೆದರೆ ಇವತ್ತಿಗೂ ನಾಚಿಕೆ ಆಗುತ್ತದೆ. ಮೇಸ್ತ್ರಿ ಅಕ್ಕನ ಸಹಿ ಅದರಲ್ಲಿ ಇರಲಿಲ್ಲ. ಅವಳನ್ನು ಯಾರೂ ಕರೆದೇ ಇರಲಿಲ್ಲ.

ಹತ್ತೊಂಬತ್ತನೇ ಗೇಟು

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟಿನ ಚೈನ್ ಕಡಿದು ಗೇಟು ಕೊಚ್ಚಿಕೊಂಡು ಹೋದ ಸುದ್ದಿ ಬಂದಾಗ ನಮ್ಮ ಕಡೆ ಯಾರೂ ನಿದ್ದೆ ಮಾಡಲಿಲ್ಲ. ಅದರ ಕತೆ ಎಲ್ಲರಿಗೂ ಗೊತ್ತು, ಮತ್ತೆ ಹೇಳೋದಿಲ್ಲ. ಒಂದೇ ಗೇಟಿನಿಂದ ಸುಮಾರು 35 ಸಾವಿರ ಕ್ಯೂಸೆಕ್ ಹೋಗುತ್ತಿದೆ ಅಂದರು. ಒತ್ತಡ ಕಡಿಮೆ ಮಾಡೋಕೆ ಉಳಿದ ಗೇಟುಗಳನ್ನೂ ಎತ್ತಿದರು. ತುಂಬಿದ ಕೆರೆಯ ಕೋಡಿ ಒಡೆದ ಹಾಗೆ ನಮ್ಮ ಕಣ್ಣೆದುರೇ ಎರಡು ಬೆಳೆಯ ನೀರು ಹೋಗುತ್ತಿತ್ತು.

ಆ ವಾರ ನನ್ನ ತಲೆಯಲ್ಲಿ ಪಂಪ್ ರೂಮೇ ಓಡುತ್ತಿತ್ತು. ಯಾಕೆ ಅಂದರೆ ಅಲ್ಲೂ ಪ್ರಶ್ನೆ ಅದೇ ಆಗಿತ್ತು. ಈಗ ಏನು ಮಾಡಬೇಕು ಅಂತ ಗೊತ್ತಿರೋರು ಯಾರು? ಗೇಟಿನ ಜಾಗಕ್ಕೆ ಇಳಿಸೋ ಸ್ಟಾಪ್‌ಲಾಗ್, ಅಂದರೆ ನೀರು ತಡೆಯೋ ಉಕ್ಕಿನ ಹಲಗೆ, ಹೊಸದಾಗಿ ಮಾಡಿಸಬೇಕಾಯಿತು. 60 ಅಡಿ ಅಗಲ, 20 ಅಡಿ ಎತ್ತರದ ಜಾಗಕ್ಕೆ 4 ಅಡಿಯ ಐದು ತುಂಡು. ಹೊಸಪೇಟೆ ಸುತ್ತಲಿನ ವರ್ಕ್‌ಶಾಪ್‌ಗಳು, ಜಿಂದಾಲ್, ಎಲ್ಲ ಕಡೆ ಹಗಲು ರಾತ್ರಿ ವೆಲ್ಡಿಂಗ್ ನಡೆಯಿತು. ಇಳಿಸೋ ಕೆಲಸ ನಡೆಸಿದವರು ಕನ್ನಯ್ಯ ನಾಯ್ಡು. ಕೆಲಸದಿಂದ ನಿವೃತ್ತಿಯಾಗಿ ಎಷ್ಟೋ ವರ್ಷ ಆಗಿದ್ದ ಹಿರಿಯರು. ಜೀವನವಿಡೀ ಡ್ಯಾಮಿನ ಗೇಟುಗಳ ಜೊತೆ ಕಳೆದವರು. ಹರಿಯೋ ನೀರಿನಲ್ಲೇ, ಒಂದು ವಾರದೊಳಗೆ, ಮೊದಲು ಒಂದು ತುಂಡು ಕೂತಿತು, ಆಮೇಲೆ ಉಳಿದವು. ಮೊದಲ ತುಂಡು ಕೂತಾಗ ನಮ್ಮ ಆಫೀಸಿನಲ್ಲಿ ಟಿವಿ ಮುಂದೆ ನಿಂತವರು ಚಪ್ಪಾಳೆ ಹೊಡೆದೆವು. ನೀರಿನ ಮೇಲೆ ಕ್ರೇನಿಗೆ ಜೋತುಬಿದ್ದು ಕೆಲಸ ಮಾಡಿದ ಹುಡುಗರನ್ನು ನೆನೆದರೆ ಈಗಲೂ ಕೈ ಮುಗಿಯಬೇಕು ಅನ್ನಿಸುತ್ತದೆ.

ಆದರೆ ಅದೇ ಹೊತ್ತಲ್ಲಿ ಎದೆ ಝಲ್ ಅಂದಿತ್ತು. ನಾಯ್ಡು ಅವರು ಆ ವಾರ ಆಸ್ಪತ್ರೆಯಲ್ಲಿ ಇದ್ದಿದ್ದರೆ? ಫೋನ್ ಎತ್ತದೆ ಇದ್ದಿದ್ದರೆ? ಮೂರು ರಾಜ್ಯದ ಹೊಲಗಳಿಗೆ ನೀರು ಕೊಡೋ ಡ್ಯಾಮು ಅದು. ಒಬ್ಬ ಹಿರಿಯರ ಅನುಭವ ಅಷ್ಟು ದೊಡ್ಡದಾಗಿರೋದು ಅವರ ಹೆಚ್ಚುಗಾರಿಕೆ. ಅದು ಅವರೊಬ್ಬರಲ್ಲೇ ಉಳಿದರೆ ಅದು ನಮ್ಮೆಲ್ಲರ ಕೊರತೆ. ಆ ಒಂದು ಚೈನ್ ಕಡಿದದ್ದಕ್ಕೆ ಬೆಲೆ ಅವತ್ತಿಗೇ ಮುಗಿಯಲೂ ಇಲ್ಲ. ಮರುವರ್ಷ 80 ಟಿಎಂಸಿಯಷ್ಟೇ ನೀರು ನಿಲ್ಲಿಸಿದರು. 33 ಗೇಟುಗಳನ್ನೂ ಬದಲಿಸಬೇಕು ಅಂತ ಎರಡನೇ ಬೆಳೆಗೆ ನೀರು ಇಲ್ಲ ಅಂತ ತೀರ್ಮಾನ ಆಯಿತು. ಸಿಂಧನೂರು, ಗಂಗಾವತಿ, ಕಾರಟಗಿ ಕಡೆ ಭತ್ತದ ಎರಡನೇ ಬೆಳೆ ಇಲ್ಲ ಅಂದರೆ ಏನರ್ಥ ಅಂತ ಅಲ್ಲಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನಾಟಿ ಮಾಡೋ ಹೆಣ್ಣುಮಕ್ಕಳಿಗೆ, ರೈಸ್ ಮಿಲ್ಲಿನ ಹಮಾಲರಿಗೆ, ಟ್ರ್ಯಾಕ್ಟರ್ ಸಾಲ ಕಟ್ಟೋರಿಗೆ ಎಲ್ಲರಿಗೂ ಆ ಬೆಲೆ ಹಂಚಿಕೆಯಾಯಿತು.

ಹತ್ತಿಯವರು ಮರೆಯಬಾರದ ಇನ್ನೊಂದು ದಿನ ಇದೆ. ಪ್ರತಿ ವರ್ಷ ಏಪ್ರಿಲ್ 14ರಿಂದ ಅಗ್ನಿಶಾಮಕ ಸಪ್ತಾಹ ಅಂತ ಮಾಡುತ್ತಾರಲ್ಲ, ಅದು 1944ರ ಏಪ್ರಿಲ್ 14ರಂದು ಮುಂಬೈ ಬಂದರಿನಲ್ಲಿ ಸತ್ತ ಅಗ್ನಿಶಾಮಕ ಸಿಬ್ಬಂದಿಯ ನೆನಪಿಗೆ. ಫೋರ್ಟ್ ಸ್ಟಿಕಿನ್ ಅನ್ನೋ ಹಡಗಿನಲ್ಲಿ ಹತ್ತಿ ಬೇಲ್‌ಗಳೂ ಯುದ್ಧದ ಸ್ಫೋಟಕಗಳೂ ಒಟ್ಟಿಗೇ ಇದ್ದವು. ಮೊದಲು ಹೊಗೆ ಬಂದದ್ದು ಹತ್ತಿ ಇದ್ದ ಕಡೆಯಿಂದ. ಮಧ್ಯಾಹ್ನ ಹೊಗೆ ಕಂಡಿತು, ಸಂಜೆ ನಾಲ್ಕರ ಸುಮಾರಿಗೆ ಹಡಗು ಸಿಡಿಯಿತು. ನಡುವೆ ಹೊತ್ತು ಇತ್ತು. ಹಡಗನ್ನು ಅಲ್ಲೇ ಮುಳುಗಿಸಬೇಕಾ, ಸಮುದ್ರಕ್ಕೆ ಎಳೆದುಕೊಂಡು ಹೋಗಬೇಕಾ ಅಂತ ಖಡಾಖಂಡಿತವಾಗಿ ಹೇಳೋರು ಯಾರು ಅನ್ನೋದೇ ತೀರ್ಮಾನ ಆಗಲಿಲ್ಲ. ನೂರಾರು ಜನ ಸತ್ತರು. ನೀರು ಹೊಡೆಯುತ್ತಾ ನಿಂತ ಅಗ್ನಿಶಾಮಕದವರೂ ಹೋದರು. ಗೊತ್ತಿರೋದು ಒಂದು, ಹೇಳೋ ಅಧಿಕಾರ ಇರೋದು ಇನ್ನೊಂದು. ಎರಡೂ ಮೊದಲೇ ಗೊತ್ತಾಗಿರಬೇಕು.

ಆಯಿಯ ಮೆಟ್ಟಿಲುಗಳು

ಈ ಎರಡನ್ನೂ ಸರಿಯಾಗಿ ಇಟ್ಟುಕೊಂಡವರನ್ನು ನಾನು ನೋಡಿದ್ದು ನನ್ನ ಅಕ್ಕನ ಮನೆಯಲ್ಲಿ. ಅಕ್ಕನನ್ನು ಕೊಟ್ಟಿರೋದು ತುಂಗಭದ್ರೆಯ ದಂಡೆಯ ಒಂದು ಹಳ್ಳಿಗೆ. ಅವಳ ಅತ್ತೆಯನ್ನು ಊರೆಲ್ಲ ಆಯಿ ಅಂತ ಕರೆಯುತ್ತದೆ, ನಾನೂ ಹಾಗೇ ಕರೆಯುತ್ತೇನೆ. 19ನೇ ಗೇಟು ಹೋದ ಮರುದಿನ, ಭಾನುವಾರ, ನಾನು ಬೈಕ್ ಹತ್ತಿ ಅಲ್ಲಿಗೆ ಹೋದೆ. ಊರಲ್ಲಿ ಡಂಗುರ ಹೊಡೆಯುತ್ತಿದ್ದರು, ನದಿ ಕಡೆ ಹೋಗಬೇಡ್ರಿ, ದನ ಬಿಡಬೇಡ್ರಿ ಅಂತ. ಜನ ಗುಂಪು ಗುಂಪಾಗಿ ನಿಂತು ಫೋನಿನಲ್ಲಿ ವಿಡಿಯೋ ನೋಡುತ್ತಿದ್ದರು. ಒಂದೊಂದು ಫೋನಿನಲ್ಲಿ ಒಂದೊಂದು ಸುದ್ದಿ. ಡ್ಯಾಮೇ ಒಡೀತಂತ ಅನ್ನೋರೂ ಇದ್ದರು. ಅಕ್ಕ ಗಾಬರಿಯಾಗಿದ್ದಳು. ಆಯಿ ಮಾತ್ರ ಹಣಮಪ್ಪನ ಗುಡಿ ಹತ್ತಿರ ಹೋಗಿದ್ದಾಳೆ ಅಂದಳು.

ಗುಡಿಯಿಂದ ನದಿಗೆ ಇಳಿಯೋ ಕಲ್ಲಿನ ಮೆಟ್ಟಿಲುಗಳಿವೆ. ಆಯಿ ಮೇಲಿನ ಮೆಟ್ಟಿಲ ಮೇಲೆ ಕೂತಿದ್ದಳು. ಪಕ್ಕದಲ್ಲಿ ಎಲೆ ಅಡಿಕೆ ಚೀಲ. ನಾನು ಹೋಗಿ ಕೂತೆ. "ಬಂದೇನು? ಉಂಡಿಯೇನು?" ಅಂತ ಕೇಳಿ ಮತ್ತೆ ನೀರಿನ ಕಡೆ ತಿರುಗಿದಳು. ನೀರು ಕೆಂಪಗೆ, ಕಸ ಕಡ್ಡಿ ಹೊತ್ತುಕೊಂಡು ಸದ್ದಿಲ್ಲದೆ ಹೋಗುತ್ತಿತ್ತು. "ಆಯಿ, ಹೆದರಿಕಿ ಇಲ್ಲೇನು?" ಅಂದೆ. "ಹೆದರಿಕಿ ಯಾಕಿಲ್ಲ? ಮ್ಯಾಲಿಂದ ಏಳನೇದಕ್ಕ ಬಂದ್ರ ಮೋಟರು ಎತ್ತಬೇಕು. ನಾಕನೇದಕ್ಕ ಬಂದ್ರ ದನ ಹೊಡಿಬೇಕು. ಎರಡನೇದಕ್ಕ ಬಂದ್ರ ಮಕ್ಕಳು ಮುದುಕರು ಸಾಲಿಗುಡಿಗೆ ಹೋಗಬೇಕು. ಆಮ್ಯಾಲ ಯಾರ ಮಾತೂ ಕೇಳಬಾರದು, ಸಾಮಾನು ಅಂತ ಹಿಂದಕ ಬರಬಾರದು" ಅಂದಳು. ಲೆಕ್ಕ ಅಷ್ಟೇ. ಏಳು, ನಾಲ್ಕು, ಎರಡು. ನೀರು ಆಗ ಎಂಟನೇ ಮೆಟ್ಟಿಲಲ್ಲಿ ಇತ್ತು. ಅವಳ ಮಾತಿಗೆ ಕಾದು ಅವಳ ಮಗ, ನಮ್ಮ ಭಾವ, ಮೋಟರಿನ ಬೋಲ್ಟು ಸಡಿಲ ಮಾಡಿಕೊಂಡು ಹಗ್ಗ ಹಿಡಿದು ಕೆಳಗೆ ನಿಂತಿದ್ದರು.

ಈ ಲೆಕ್ಕ ಅವಳಿಗೆ ಎಲ್ಲಿಂದ ಬಂತು? 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ವಾರದ ನೆರೆಯಿಂದ. ಮಂತ್ರಾಲಯ, ಕರ್ನೂಲು ಮುಳುಗಿದ ನೆರೆ ಅದು. ನಮ್ಮ ಕಡೆ ಮಣ್ಣಿನ ಮನೆಗಳು ಸಕ್ಕರೆಯ ಹಾಗೆ ಕರಗಿದ್ದವು. ಆ ರಾತ್ರಿ ಕರೆಂಟು ಇರಲಿಲ್ಲ. ಎಷ್ಟು ನೀರು ಬಂದಿದೆ ಅಂತ ನೋಡೋಕೆ ಹೋದವರು ಬಂದು ಒಬ್ಬೊಬ್ಬರು ಒಂದೊಂದು ಹೇಳಿದರಂತೆ. ಹೋಗೋಣವಾ, ಇರೋಣವಾ ಅನ್ನೋ ಮಾತಿನಲ್ಲೇ ಹೊತ್ತು ಹೋಯಿತು. ಕೊನೆಗೆ ಟ್ರ್ಯಾಕ್ಟರ್ ಟ್ರೇಲರಿನಲ್ಲಿ ಮೊಣಕಾಲ ನೀರಿನಲ್ಲಿ ಹೊರಗೆ ಬಂದರು. ಆಯಿಯ ಎರಡು ಎಮ್ಮೆ ಗೂಟಕ್ಕೆ ಕಟ್ಟಿದಲ್ಲೇ ಸತ್ತವು. ಬಿಚ್ಚಿ ಬಿಟ್ಟಿದ್ದರೂ ಈಜಿಕೊಂಡು ಹೋಗುತ್ತಿದ್ದವು ಅಂತ ಇವತ್ತಿಗೂ ಹೇಳುತ್ತಾಳೆ. ನೀರು ಇಳಿದ ಮೇಲೆ ಅವಳು ಮಾಡಿದ ಮೊದಲ ಕೆಲಸ ಆ ಮೆಟ್ಟಿಲ ಹತ್ತಿರ ಹೋಗಿ ಕೂತು, ಯಾವ ಹೊತ್ತಿಗೆ ನೀರು ಎಲ್ಲಿತ್ತು ಅಂತ ಒಬ್ಬೊಬ್ಬರನ್ನೇ ಕೇಳಿ ತಿಳಿದುಕೊಂಡಿದ್ದು. ಅವತ್ತಿನಿಂದ ಈ ಲೆಕ್ಕ. ಕತ್ತಲಲ್ಲಿ, ಗಾಬರಿಯಲ್ಲಿ, ಹತ್ತು ಜನ ಹತ್ತು ಮಾತಾಡುವಾಗ ಹೊಸದಾಗಿ ಯೋಚನೆ ಮಾಡಬಾರದು ಅನ್ನೋದು ಅವಳು ಕಲಿತಿದ್ದು. ಬಿಸಿಲಿದ್ದಾಗ, ಹೊಟ್ಟೆ ತುಂಬಿದ್ದಾಗ, ತಲೆ ತಣ್ಣಗಿದ್ದಾಗ ಮಾಡಿಟ್ಟ ತೀರ್ಮಾನ ಅದು. ನೀರು ಆ ಮೆಟ್ಟಿಲು ಮುಟ್ಟಿದರೆ ಸಾಕು, ಚರ್ಚೆ ಮುಗಿಯಿತು.

ಅವರ ಮನೆ ಬಾಗಿಲ ಪಕ್ಕ ಒಂದು ಮೊಳೆಗೆ ದಪ್ಪ ಪ್ಲಾಸ್ಟಿಕ್ ಚೀಲ ತೂಗುತ್ತಿರುತ್ತದೆ. ರೇಷನ್ ಕಾರ್ಡು, ಪಾಸ್‌ಬುಕ್ಕು, ಹೊಲದ ಪಹಣಿ, ಮೊಮ್ಮಗನ ಮಾರ್ಕ್ಸ್ ಕಾರ್ಡು. 2009ರಲ್ಲಿ ಪರಿಹಾರಕ್ಕೆ ಅಲೆಯುವಾಗ ಕಾಗದ ಇಲ್ಲ ಅಂತ ಎಷ್ಟು ಸಲ ವಾಪಸ್ ಬಂದಿದ್ದಳೋ. ಮಳೆಗಾಲ ಬಂತೆಂದರೆ ಟ್ರಂಕಿನಿಂದ ತೆಗೆದು ಆ ಚೀಲಕ್ಕೆ ಹಾಕುತ್ತಾಳೆ, ದೀಪಾವಳಿ ಆದ ಮೇಲೆ ವಾಪಸ್ ಟ್ರಂಕಿಗೆ.

ಅವತ್ತು ನೀರು ಏಳನೇ ಮೆಟ್ಟಿಲಿಗೆ ಬಂತು, ಮೋಟರು ಎತ್ತಿದೆವು. ಅದಕ್ಕಿಂತ ಮೇಲೆ ಬರಲಿಲ್ಲ. ಸಂಜೆ ಚಹಾ ಕುಡಿಯುತ್ತಾ ಆಯಿಯನ್ನು ಕೇಳಿದೆ. "ಆಯಿ, ನೀ ಊರಾಗ ಇರಲಿಲ್ಲಂದ್ರ ಇದೆಲ್ಲ ಯಾರಿಗೆ ಗೊತ್ತಾಗ್ತದ?" ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೌದಲ್ಲ" ಅಂದಳು. ಅಕ್ಕನಿಗೆ ಎರಡು ಮತ್ತು ಏಳು ಗೊತ್ತಿತ್ತು, ನಾಲ್ಕು ಗೊತ್ತಿರಲಿಲ್ಲ. ಅಕ್ಕನ ಮಗನಿಗೆ ಯಾವುದೂ ಗೊತ್ತಿರಲಿಲ್ಲ. ನೀರು ಇಳಿದ ಮೇಲೆ, ಮುಂದಿನ ತಿಂಗಳು, ನಾನು ಒಂದು ಡಬ್ಬಿ ಕೆಂಪು ಆಯಿಲ್ ಪೇಂಟು ತೆಗೆದುಕೊಂಡು ಹೋದೆ. ಆಯಿ ಮೇಲೆ ನಿಂತು ತೋರಿಸಿದಳು, ಹುಡುಗ ಬ್ರಷ್ ಹಿಡಿದ. ಏಳನೇ ಮೆಟ್ಟಿಲ ಅಂಚಿಗೆ ಒಂದು ಗೆರೆ, ನಾಲ್ಕನೇದಕ್ಕೆ ಎರಡು, ಎರಡನೇದಕ್ಕೆ ಮೂರು. ಓದೋಕೆ ಬಾರದವರಿಗೂ ತಿಳಿಯಬೇಕು ಅಂತ ಅಕ್ಷರ ಬರೆಸಲಿಲ್ಲ. ಊರಿನ ಹುಡುಗರೆಲ್ಲ ಸುತ್ತ ನಿಂತು ನೋಡಿದರು. ಯಾವ ಗೆರೆಗೆ ಏನು ಅಂತ ಅವರೆಲ್ಲರ ಕೈಯಲ್ಲಿ ಆಯಿ ಹತ್ತು ಸಲ ಹೇಳಿಸಿದಳು.

ಕಂದೀಲು ಮೊದಲು

ನಮ್ಮ ಅಜ್ಜನ ಮನೆಯಲ್ಲಿ ಹಗೇವು ಇತ್ತು. ನೆಲದೊಳಗೆ ತೋಡಿ ಜೋಳ ತುಂಬಿಡೋ ಕುಳಿ. ಬರದ ಸೀಮೆ ನಮ್ಮದು. 1876ರಿಂದ 78ರವರೆಗಿನ ಬರದಲ್ಲಿ ಬಳ್ಳಾರಿ ಜಿಲ್ಲೆ ಪಟ್ಟ ಪಾಡು ಸಣ್ಣದಲ್ಲ. ಅಂಥ ಕಾಲ ಕಂಡವರ ಮೊಮ್ಮಕ್ಕಳಿಗೆ ಮನೆಯಲ್ಲಿ ಎರಡು ವರ್ಷದ ಕಾಳು ಇರಬೇಕು ಅನ್ನೋದು ಶಾಸ್ತ್ರದ ಹಾಗೆ ಇತ್ತು. ಆದರೆ ನನಗೆ ಜಾಸ್ತಿ ನೆನಪಿರೋದು ಕಾಳಿಗಿಂತ ಕಂದೀಲು. ಹಗೇವಿನ ಬಾಯಿ ತೆಗೆದ ಕೂಡಲೇ ಯಾರೂ ಇಳಿಯುವ ಹಾಗಿರಲಿಲ್ಲ. ಒಳಗೆ ಉಸಿರು ಕಟ್ಟುತ್ತದೆ. ಗಾಳಿ ಆಡಲಿ ಅಂತ ಬಾಯಿ ತೆರೆದು ಬಿಡಬೇಕು, ಆಮೇಲೆ ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಸಬೇಕು. ದೀಪ ಆರಿದರೆ ಇಳಿಯಬಾರದು. ಮನೆಯ ಐದು ವರ್ಷದ ಕೂಸನ್ನು ಕೇಳಿದರೂ "ಕಂದೀಲು ಮೊದಲು" ಅಂತ ಹೇಳುತ್ತಿತ್ತು. ಅಜ್ಜ ಊರಲ್ಲಿ ಇಲ್ಲದಿದ್ದರೂ ಆ ಮಾತು ಮನೆಯಲ್ಲಿ ಇರುತ್ತಿತ್ತು. ಹಗೇವುಗಳು ಮುಚ್ಚಿಹೋದವು, ಅದರ ಜೊತೆ ಆ ಮಾತೂ ಹೋಯಿತು. ಈಗ ಬಾವಿ, ಟಾಕಿ, ಸೆಪ್ಟಿಕ್ ಗುಂಡಿಗೆ ಇಳಿದು ಒಬ್ಬನ ಹಿಂದೆ ಒಬ್ಬರು ಸತ್ತ ಸುದ್ದಿ ಓದಿದಾಗಲೆಲ್ಲ ನನಗೆ ಆ ಕಂದೀಲು ಕಣ್ಣಿಗೆ ಬರುತ್ತದೆ.

ಈಗ ನಾವು ಮಾಡೋದು

ಬೆಂಕಿ ಬಿದ್ದ ವರ್ಷವೇ ನಮ್ಮ ಯಜಮಾನರ ಹತ್ತಿರ ಕೂತು ಮಾತಾಡಿದೆ. ದೊಡ್ಡ ಖರ್ಚಿನ ಪಟ್ಟಿ ಕೊಡುತ್ತೇನೆ ಅಂದುಕೊಂಡಿದ್ದರು. ನಾನು ಕೇಳಿದ್ದು ಒಂದು ಗಾಜಿನ ಪೆಟ್ಟಿಗೆ, ಪ್ಲಾಸ್ಟಿಕ್ ಬಿಲ್ಲೆಗಳು ಮತ್ತು ವಾರಕ್ಕೆ ಅರ್ಧ ಗಂಟೆ. ಈಗ ಪಂಪ್ ರೂಮಿನ ಕೀಲಿಕೈ ಬಾಗಿಲ ಪಕ್ಕದ ಗಾಜಿನ ಪೆಟ್ಟಿಗೆಯಲ್ಲಿ ಇದೆ, ಒಡೆದು ತೆಗೆಯಬಹುದು. ಸೋಮವಾರ ಬೆಳಿಗ್ಗೆ ಪಂಪು ಚಾಲೂ ಮಾಡೋದು ಪ್ರತಿ ವಾರ ಬೇರೆಯವರು. ಆಪರೇಟರ್ ಕಾಕಾ ಪಕ್ಕದಲ್ಲಿ ಕೈ ಕಟ್ಟಿ ನಿಲ್ಲಬೇಕು, ಬಾಯಿ ಬಿಡಬಾರದು. ಮೊದಲು ಅವನಿಗೆ ಬೇಜಾರಾಗಿತ್ತು, ತನ್ನ ಕೆಲಸ ಕಸಿದುಕೊಳ್ಳುತ್ತಾರೆ ಅಂತ. ಈಗ ಅವನಷ್ಟು ಚೆನ್ನಾಗಿ ಕಲಿಸೋರು ಇಲ್ಲ. ಗೇಟಿಗೆ ಬಂದವರು, ಕೂಸು ಇದ್ದರೆ ಕೂಸಿಗೂ ಸೇರಿಸಿ, ತಲೆಗೊಂದು ಬಿಲ್ಲೆ ಮೊಳೆಗೆ ಹಾಕುತ್ತಾರೆ, ಹೋಗುವಾಗ ತೆಗೆಯುತ್ತಾರೆ. ಆ ಹಲಗೆಯ ಜವಾಬ್ದಾರಿ ಮೇಸ್ತ್ರಿ ಅಕ್ಕನದು. ಹೊಗೆ ಕಂಡರೆ ಮಷೀನು ಬಂದ್ ಮಾಡಿ ಎಲ್ಲರನ್ನೂ ಹೊರಗೆ ಕಳಿಸೋ ಅಧಿಕಾರ ಯಾರಿಗೆ ಅಂತಾನೂ ತೀರ್ಮಾನ ಆಗಿದೆ. ಮೊದಲು ಕಂಡವರಿಗೆ. ಯಜಮಾನರನ್ನು ಕೇಳಬೇಕಾಗಿಲ್ಲ, ನನ್ನನ್ನೂ ಕೇಳಬೇಕಾಗಿಲ್ಲ. ಸುಳ್ಳು ಹೊಗೆಗೆ ಎರಡು ಸಲ ನಿಲ್ಲಿಸಿದ್ದಾರೆ. ಒಬ್ಬರಿಗೂ ಒಂದು ಮಾತು ಅನ್ನಲಿಲ್ಲ. ಒಂದು ಸಲ ಬೈದರೂ ಮುಂದಿನ ಸಲ ಯಾರೂ ಕೈ ಎತ್ತೋದಿಲ್ಲ, ಅಲ್ವಾ?

ಅಣಕು ಪ್ರದರ್ಶನ ಅಂತ ಮೊದಲೇ ಹೇಳಿ, ಶಾಮಿಯಾನ ಹಾಕಿ, ಫೋಟೋ ತೆಗೆಸಿಕೊಳ್ಳೋದರಿಂದ ನಮಗೆ ಏನೂ ಸಿಗಲಿಲ್ಲ. ಹೇಳದೆ ಮಾಡಿದಾಗ ಸಿಕ್ಕಿತು. ಒಂದು ಸಲ ಹಿಂದಿನ ಗೇಟಿಗೆ ಅಡ್ಡವಾಗಿ ಲಾರಿ ನಿಂತಿತ್ತು, ಡ್ರೈವರ್ ಊಟಕ್ಕೆ ಹೋಗಿದ್ದ. ಅವತ್ತಿನಿಂದ ಆ ಗೇಟಿನ ಮುಂದೆ ನಿಲ್ಲೋ ಹಾಗಿಲ್ಲ.

ಊರಿನ ಲೆಕ್ಕವೂ ಹೀಗೇ ಅನ್ನಿಸುತ್ತದೆ. 2005ರ ವಿಪತ್ತು ನಿರ್ವಹಣಾ ಕಾಯ್ದೆ ಇದೆ. ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ವಿಪತ್ತು ನಿರ್ವಹಣಾ ಪ್ರಾಧಿಕಾರ ಇದೆ. ತುರ್ತು ಕರೆಯ 112 ಇದೆ, ಜಿಲ್ಲಾ ಕಂಟ್ರೋಲ್ ರೂಮಿನ 1077 ಇದೆ. 2023ರ ಅಕ್ಟೋಬರ್ 12ರಂದು ಎಲ್ಲರ ಫೋನೂ ಒಂದೇ ಸಲ ಕೂಗಿದ್ದು ನೆನಪಿರಬೇಕು, ಎಚ್ಚರಿಕೆ ಸಂದೇಶದ ಪರೀಕ್ಷೆ ಅದು. ನನ್ನ ಅಕ್ಕ ಹೆದರಿ ಫೋನನ್ನು ಅಕ್ಕಿ ಡಬ್ಬಿಯೊಳಗೆ ಇಟ್ಟಿದ್ದಳು. ಇವೆಲ್ಲ ಬೇಕು, ಖಂಡಿತ ಬೇಕು. ಆದರೆ ಕೃಷ್ಣಾ ನದಿಯ ನಾರಾಯಣಪುರ ಡ್ಯಾಮಿನಿಂದ ನೀರು ಜಾಸ್ತಿ ಬಿಟ್ಟರೆ ಲಿಂಗಸುಗೂರಿನ ಶೀಲಹಳ್ಳಿ ಸೇತುವೆ ಮುಳುಗುತ್ತದೆ, ಆಚೆಯ ಗಡ್ಡಿಗಳ, ಅಂದರೆ ನದಿಯ ನಡುಗಡ್ಡೆಗಳ, ಜನಕ್ಕೆ ದಾರಿ ಇರೋದಿಲ್ಲ. ಅದು ಪ್ರತಿ ಮಳೆಗಾಲ ಗೊತ್ತಿರೋದೇ. ಅಂಥಲ್ಲಿ ದಿನ ತುಂಬಿದ ಬಸುರಿಯನ್ನು ಸೇತುವೆ ಮುಳುಗೋ ಮೊದಲೇ ಈಚೆ ಕರೆತರೋರು ಯಾರು, ಸಕ್ಕರೆ ಕಾಯಿಲೆಯ ಅಜ್ಜನ ಗುಳಿಗೆ ಎಷ್ಟು ದಿನಕ್ಕೆ ಇದೆ ಅಂತ ನೋಡೋರು ಯಾರು, ಇದನ್ನು ಯಾವ ಕಂಟ್ರೋಲ್ ರೂಮೂ ಅಲ್ಲಿಯ ಆಶಾ ಕಾರ್ಯಕರ್ತೆಗಿಂತ ಚೆನ್ನಾಗಿ ಹೇಳಲಾರದು. ಅವಳಿಗೆ ಗೊತ್ತಿರೋದು ಇನ್ನಿಬ್ಬರಿಗೆ ಗೊತ್ತಿದೆಯಾ ಅಂತ ಮೇ ತಿಂಗಳಲ್ಲೇ ಕೇಳಬೇಕು, ಆಗಸ್ಟಿನಲ್ಲಿ ಅಲ್ಲ.

ಕಳೆದ ಮಳೆಗಾಲ ಆಯಿಯನ್ನು ಕಣ್ಣಿನ ಪೊರೆ ತೆಗೆಸೋಕೆ ರಾಯಚೂರಿಗೆ ಕರೆತಂದಿದ್ದೆವು. ಆಪರೇಷನ್ ಆಗಿ ನಮ್ಮ ಮನೆಯಲ್ಲೇ ಇದ್ದಳು. ಕಣ್ಣಿಗೆ ಕಪ್ಪು ಕನ್ನಡಕ. ಒಂದು ಸಂಜೆ ಅಕ್ಕನ ಮಗನ ಫೋನ್ ಬಂತು. ಹಿಂದೆ ದನದ ಗಂಟೆ ಸದ್ದು, ಯಾರೋ ಹೊಯ್ ಹೊಯ್ ಅನ್ನೋದು ಕೇಳುತ್ತಿತ್ತು. "ಮಾಮಾ, ನಾಕನೇ ಮೆಟ್ಟಲಕ್ಕ ಬಂತು. ಎಮ್ಮಿ ಹೊಡ್ಕೊಂಡು ದಿಬ್ಬಕ್ಕ ಹೊಂಟೀವಿ. ಓಣಿ ಮಂದಿನೂ ಬಿಚ್ಯಾರ" ಅಂದ. ಸ್ಪೀಕರ್ ಹಾಕಿದೆ. ಆಯಿ ಫೋನಿನ ಕಡೆ ಮುಖ ತಿರುಗಿಸಿ, "ಸಣ್ಣ ಕರಾನೂ ಬಿಚ್ಚಿದೇನು?" ಅಂತ ಕೇಳಿದಳು. "ಬಿಚ್ಚೀನಿ ಆಯಿ, ನನ್ನ ಹೆಗಲ ಮ್ಯಾಲೇ ಅದ" ಅಂದ. ಆಮೇಲೆ ನನಗೆ ಹೇಳಿದ. "ಮಾಮಾ, ಕೆಂಪು ಗೆರಿ ನೀರಿಗೆ ಸ್ವಲ್ಪ ಹೋಗ್ಯಾವ. ಬರೋವಾಗ ಇನ್ನೊಂದು ಡಬ್ಬಿ ಬಣ್ಣ ತಗೊಂಡು ಬಾ."